ಏಳನೇ ಸಾಲಿನ ಎಡಗಿಟಕಿ

ವಿಮಾನ ಕೊನೆಯ ಸಲ ಬಂದು ಇಳಿದು, ಮತ್ತೆ ಮೇಲೇಳದೆ ನಿಂತಾಗ ದ್ವೀಪದವರು ಅದಕ್ಕೆ ಮಾಡಿದ ಮೊದಲ ಉಪಚಾರವೆಂದರೆ ಮೈ ತೊಳೆದದ್ದು. ಸಮುದ್ರದ ಗಾಳಿ ಉಪ್ಪು ತರುತ್ತದೆ, ಉಪ್ಪು ತಗಡನ್ನು ತಿನ್ನುತ್ತದೆ. ಮೀನು ಹಿಡಿಯುವ ದೋಣಿ ಇಟ್ಟುಕೊಂಡವರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಬೀದಿ ಗುಡಿಸುವ ಸರದಿ ಹೇಗೆ ಮನೆಮನೆಗೆ ಬರುತ್ತಿತ್ತೋ ಹಾಗೆಯೇ ವಿಮಾನ ತೊಳೆಯುವ ಸರದಿಯೂ ಬಂತು. ಬೆಳಿಗ್ಗೆ ರೇಡಿಯೋ ಹೇಳಿದಂತೆ ವ್ಯಾಯಾಮ ಮುಗಿಸಿ, ಕುತ್ತಿಗೆಗೆ ಟವೆಲ್ಲು ಸುತ್ತಿಕೊಂಡು, ಬಕೆಟ್ಟು ಹಿಡಿದು ಹೋಗಿ, ಮೊದಲು ಅದರ ಮೂಗಿಗೆ ಒಂದು ಸಲ ತಲೆಬಾಗಿ, ಆಮೇಲೆ ಹೊಟ್ಟೆ ಉಜ್ಜುವುದು. ಹಳೆಯ ರನ್‌ವೇ ಮೇಲೆ ಗೆಣಸಿನ ಹೋಳು ಒಣಹಾಕುತ್ತಿದ್ದವರು ಗೊಣಗದೆ ಚಾಪೆ ಎಳೆದುಕೊಂಡು ಜಾಗ ಬಿಟ್ಟರು. ಗೊಣಗಿದ್ದು ಮನೆಗೆ ಹೋದ ಮೇಲೆ.

ಅದರ ಹೆಸರು ವೈಎಸ್-ಹನ್ನೊಂದು. ಯುದ್ಧ ಮುಗಿದ ಮೇಲೆ ಜಪಾನಿನವರೇ ಸೇರಿ ಕಟ್ಟಿದ ಮೊದಲ ಪ್ರಯಾಣಿಕರ ವಿಮಾನ. ಒಳಗೆ ಜೆಟ್ಟಿನಂಥ ಎಂಜಿನ್ನು, ಹೊರಗೆ ಪಂಕ. ಇಂಥದ್ದಕ್ಕೆ ಟರ್ಬೊಪ್ರಾಪ್ ಎನ್ನಬೇಕೆಂದು ಹತ್ತೋರಿ ಮೇಷ್ಟ್ರು ಎಷ್ಟು ಸಲ ತಿದ್ದಿದರೂ ಹೆಂಗಸರು ಅದನ್ನು 'ನಮ್ಮ ಹನ್ನೊಂದು' ಎಂದೇ ಕರೆದರು. ಹಾರುತ್ತಿದ್ದ ಕಾಲದಲ್ಲಿ ಅದು ಕಿವಿಗೆ ದಬ್ಬಳ ಚುಚ್ಚಿದ ಹಾಗೆ ಸದ್ದು ಮಾಡಿಕೊಂಡು ಬರುತ್ತಿತ್ತು. ಬಂತೆಂದರೆ ಶಾಲೆಯಲ್ಲಿ ಪಾಠ ನಿಲ್ಲುತ್ತಿತ್ತು, ಮನೆಯಲ್ಲಿ ಅತ್ತೆ ಸೊಸೆಯರ ಜಗಳ ನಿಲ್ಲುತ್ತಿತ್ತು. ಹೋದ ಮೇಲೆ ಎರಡೂ ನಿಂತಲ್ಲಿಂದಲೇ ಮುಂದುವರಿಯುತ್ತಿದ್ದವು.

ಹತ್ತೋರಿ ಮೇಷ್ಟ್ರು ಹನ್ನೊಂದರ ಸಂಘದ ಅಧ್ಯಕ್ಷರು. ಮೀಸೆ ಸರಿಯಾಗಿ ಬಲಿಯುವ ಮೊದಲೇ ಒಸಾಕಾದಿಂದ ಇಲ್ಲಿನ ಶಾಲೆಗೆ ಬಂದವರು. ಇಲ್ಲಿಯ ಹೆಣ್ಣನ್ನೇ ಮದುವೆಯಾಗಿ, ಅರ್ಧ ಊರಿಗೆ ಮಗ್ಗಿ ಕಲಿಸಿ, ನಿವೃತ್ತರೂ ಆದರು. ಆದರೂ ಊರವರ ಬಾಯಲ್ಲಿ ಅವರು ಇವತ್ತಿಗೂ 'ಹೊಸ ಮೇಷ್ಟ್ರು'. ನಲವತ್ತು ವರ್ಷ ಅಂದರೆ ಒಂದು ದ್ವೀಪಕ್ಕೆ ಏನು ಮಹಾ.

"ಮೈ ತೊಳೆದ್ರೆ ತಗಡು ಉಳಿಯತ್ತೆ. ಚರಿತ್ರೆ ಉಳಿಯಲ್ಲ," ಅಂದರು ಮೇಷ್ಟ್ರು ಒಂದು ಸಭೆಯಲ್ಲಿ. ಅವರ ಯೋಚನೆ ಹೀಗಿತ್ತು. ನಲವತ್ತು ವರ್ಷದ ಹಿಂದೆ ಹನ್ನೊಂದು ಮೊದಲ ಸಲ ಬಂದ ದಿನ, ಸಮುದ್ರದಾಚೆಯ ಕಾಗೊಶಿಮಾ ನಗರದಿಂದ ಬಂದ ಅಧಿಕಾರಿಗಳು ಇಳಿದ ಮೇಲೆ, ದ್ವೀಪದ ಅರವತ್ತು ಜನರನ್ನು ಕೂರಿಸಿಕೊಂಡು ಅದು ಆಕಾಶದಲ್ಲಿ ಒಂದು ಸುತ್ತು ಹಾಕಿತ್ತು. ಯಾರು ಹತ್ತಬೇಕು ಅಂತ ಹಳ್ಳಿಹಳ್ಳಿಯಲ್ಲಿ ಚೀಟಿ ಎತ್ತಿದ್ದರು. ಆ ಅರವತ್ತು ಜನರ ಹೆಸರನ್ನು ಸೀಟಿನ ತಲೆದಿಂಬಿಗೆ ಹಾಕುವ ಬಿಳಿ ಬಟ್ಟೆಯ ಮೇಲೆ ದಾರದಲ್ಲಿ ಹೊಲಿಯಬೇಕು. ಅವರವರ ನೆನಪನ್ನು ಅವರವರ ದನಿಯಲ್ಲೇ ಹಿಡಿದಿಡಬೇಕು. ಶರತ್ಕಾಲದಲ್ಲಿ ವಿಮಾನವನ್ನು ಜನ ನೋಡಲು ತೆರೆಯುವ ದಿನ, ಅವರವರ ಸೀಟಿನಲ್ಲಿ ಅವರವರನ್ನೇ ಕೂರಿಸಬೇಕು. ತೀರಿಹೋದವರ ಸೀಟಿನಲ್ಲಿ ಮನೆಯವರು ಕೂರಲಿ.

ಎರಡೂ ಕೆಲಸ ಇವಾಕಾವಾ ಮಸುಯೊಳ ತಲೆಗೆ ಬಂತು. ಊರಿನ ಮಕ್ಕಳ ಚೀಲ, ಟೋಪಿ, ಮಳೆಯಂಗಿಯ ಮೇಲೆಲ್ಲ ಹೆಸರು ಹೊಲಿದು ಹೊಲಿದು ಬೆರಳು ಗಂಟಾದ ಹೆಂಗಸು ಅವಳು. ಓದಿದ್ದು ಕಡಿಮೆ, ಅಕ್ಷರ ಓದುವುದಕ್ಕಿಂತ ದಾರದಲ್ಲಿ ಬಿಡಿಸುವುದೇ ಅವಳಿಗೆ ಸಲೀಸು. ಗಂಡ ಕಾಂಜೊ ಹಾರುಮೀನಿನ ದೋಣಿಯವನು, ತೀರಿಕೊಂಡು ಮೂರು ಚಳಿಗಾಲ ಕಳೆದಿದ್ದವು. ಹೊಲಿಗೆ ಸರಿ, ದನಿ ಹಿಡಿಯುವ ಕೆಲಸ ಯಾಕೆ ಅಂತ ಅವಳು ಕೇಳಿದ್ದಕ್ಕೆ ಮೇಷ್ಟ್ರು, "ನೀವು ಚಹಾ ಕೊಟ್ರೆ ಯಾರೂ ಬೇಗ ಎದ್ದು ಹೋಗಲ್ಲ ಮಸುಯೊ-ಸಾನ್. ಈ ರೆಕಾರ್ಡರಿನ ಕೆಂಪು ಗುಂಡಿ ಒತ್ತಿ, ಸುಮ್ನೆ ಕೂತಿರಿ. ಅಷ್ಟೇ," ಅಂದರು.

ಅವಳು ಕೆಂಪು ಗುಂಡಿ ಒತ್ತಿ ಸುಮ್ಮನೆ ಕೂತಳು. ಕಷ್ಟ ಶುರುವಾದದ್ದೇ ಅಲ್ಲಿಂದ.

ಅಕ್ಕಿ ಅಂಗಡಿಯವನು ಬಂದು ತಾನು ಮುಂದಿನ ಸಾಲಿನಲ್ಲಿದ್ದೆ, ಪೈಲಟ್ಟು ಕರೆದು ಸ್ವಲ್ಪ ಹೊತ್ತು ಚಕ್ರ ತಿರುಗಿಸಲು ಕೊಟ್ಟಿದ್ದ ಅಂದ. ಅಂಚೆಯವನ ಹೆಂಡತಿ ಮೋಡವನ್ನು ಕೈಯಲ್ಲಿ ಮುಟ್ಟಿದ್ದೆ ಅಂದಳು. ಮುಚ್ಚಿದ ಗಾಜಿನಾಚೆ ಕೈ ಹೇಗೆ ಹೋಯಿತು ಅಂತ ಮಸುಯೊ ಕೇಳಲಿಲ್ಲ, ಇನ್ನೊಂದು ಲೋಟ ಚಹಾ ಬಗ್ಗಿಸಿದಳು. ಪಕ್ಕದ ಮನೆಯ ಫುಕು ಅಜ್ಜಿ ಊರುಗೋಲು ಗೋಡೆಗೆ ಒರಗಿಸಿ, ಕಾಲು ಮಡಚಿ ಕೂತು ಹೇಳಿದ್ದು ಇನ್ನೂ ಚೆನ್ನ.

"ನಂಗೆ ಸೀಟು ಸಿಗ್ಲಿಲ್ಲ ಕಣೇ. ನಿಂತ್ಕೊಂಡೇ ಹೋದೆ."

"ವಿಮಾನದಲ್ಲಾ ಅಜ್ಜಿ?"

"ಮತ್ತೆಲ್ಲಿ. ಮೇಲೆ ಜೋತುಬಿದ್ದಿರತ್ತಲ್ಲ ಪಟ್ಟಿ, ಅದನ್ನ ಹಿಡ್ಕೊಂಡಿದ್ದೆ. ತಿರುವು ಬಂದಾಗ ಒಂಚೂರು ಓಲಾಡ್ತು ನೋಡು, ಅಷ್ಟೇ."

ಹೀಗೆ ಒಬ್ಬರ ಹಿಂದೆ ಒಬ್ಬರು. ಬೇಸಿಗೆ ಮುಗಿಯುವ ಹೊತ್ತಿಗೆ ಅರವತ್ತು ಸೀಟಿಗೆ ತೊಂಬತ್ತಕ್ಕೂ ಮೇಲೆ ಜನ ಆಗಿದ್ದರು. ಸುಳ್ಳು ಹೇಳುವ ಜನ ಅಲ್ಲ ಇವರು. ಅಂಗಡಿಯಲ್ಲಿ ಚಿಲ್ಲರೆ ಹೆಚ್ಚು ಬಂದರೆ ಮಳೆಯಲ್ಲಿ ನೆನೆದುಕೊಂಡು ಹೋಗಿ ವಾಪಸು ಕೊಡುವವರು. ಆದರೆ ಹಿರಿಯರೊಬ್ಬರು ನಾನಿದ್ದೆ ಅಂದಾಗ ಇಲ್ಲ ಅನ್ನುವುದು ಇಲ್ಲಿ ಯಾರಿಗೂ ಬಾರದ ವಿದ್ಯೆ. ಒಬ್ಬರು ಅಂದರು, ಉಳಿದವರು ಹೌದು ಹೌದು ಅಂದರು. ಹೌದು ಅಂದವರಿಗೆ ತಾವೂ ಅಲ್ಲಿದ್ದರೆ ತಾನೇ ಹೌದು ಅನ್ನಲು ಸಾಧ್ಯ ಅಂತ ಹೊಳೆಯಿತು. ನಲವತ್ತು ವರ್ಷದಲ್ಲಿ ವಿಮಾನ ತುಂಬಿ ತುಳುಕಿತು.

ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತುಕೊಂಡರು. "ಚರಿತ್ರೆ ಅಂದ್ರೆ ನಿಂತ್ಕೊಂಡು ಹೋಗೋ ಬಸ್ಸಲ್ಲ ಮಸುಯೊ-ಸಾನ್. ಯಾರದ್ದಾದ್ರೂ ಹೆಸರು ತೆಗೀಲೇಬೇಕು."

"ಹೂಂ," ಅಂದಳು ಮಸುಯೊ. ಆದರೆ ಯಾರದ್ದು ತೆಗೆಯುವುದು? ಅವಳಿಗೆ ಖಾತ್ರಿಯಾಗಿ ಗೊತ್ತಿದ್ದದ್ದು ಒಂದೇ ಹೆಸರು, ಅದು ತನ್ನ ಗಂಡನದು. ಏಳನೇ ಸಾಲು, ಎಡಗಿಟಕಿ.

ಕಾಂಜೊ ಆ ಕತೆಯನ್ನು ಜೀವಮಾನವಿಡೀ ಹೇಳಿದ್ದ. ಗೆಣಸಿನ ಹೆಂಡ ಶೋಚು ಎರಡು ಲೋಟ ಒಳಗೆ ಹೋದರೆ ಸಾಕು, ಹನ್ನೊಂದು ಮೇಲೇಳುತ್ತಿತ್ತು. ಕತೆಯಲ್ಲಿ ಮೋಡ, ಸಮುದ್ರ ಎಲ್ಲ ದಿನಕ್ಕೊಂದು ಬಣ್ಣ ಬದಲಿಸುತ್ತಿದ್ದವು, ಒಂದು ಮಾತ್ರ ಎಂದೂ ಬದಲಾಗಿರಲಿಲ್ಲ. "ಮೇಲಿಂದ ನೋಡ್ದೆ. ನಮ್ಮನೆ ಮಾಡು ಕಾಣ್ತು. ಹಿತ್ತಲಲ್ಲಿ ಇವಳು. ಬೆನ್ನಿಗೆ ಕೂಸು ಕಟ್ಕೊಂಡು, ಹಿಂಡಿದ ಬಟ್ಟೆ ಒಂದನ್ನ ತಲೆ ಮೇಲೆ ಎತ್ತಿ ಬೀಸ್ತಾ ಇದ್ಲು, ಹುಚ್ಚಿ ಹಾಗೆ."

ಇದು ನಿಜವಾಗಿತ್ತು. ಅವತ್ತು ಮಸುಯೊ ಹಿತ್ತಲಲ್ಲಿ ಒಬ್ಬಳೇ ಇದ್ದಳು. ಬಾಣಂತಿತನ ಆಗಷ್ಟೇ ಮುಗಿದಿತ್ತು, ಜಾತ್ರೆಯಂತೆ ಎಲ್ಲರೂ ವಿಮಾನ ನೋಡಲು ಹೋಗಿದ್ದಾಗ ಕೂಸಿನ ಬಟ್ಟೆ ಒಗೆಯುತ್ತಿದ್ದಳು. ಸದ್ದು ತಲೆಯ ಮೇಲೆ ಬಂದಾಗ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನೇ ಬೀಸಿದ್ದಳು. ಒಳಗೆ ನನ್ನ ಗಂಡ ಇದ್ದಾನಲ್ಲ ಅಂತ. ಆಮೇಲೆ ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ. ಸಂಜೆ ಕಾಂಜೊ ಮನೆಗೆ ಬಂದವನು ಚಪ್ಪಲಿ ಕಳಚುವ ಮೊದಲೇ ಅದನ್ನೇ ಹೇಳಿದ್ದ. ಮಾತು ಕಡಿಮೆಯ ಗಂಡ. ಪ್ರೀತಿ ಗೀತಿ ಅಂತ ಬಾಯಿ ಬಿಟ್ಟವನಲ್ಲ, ಹೊಸ ಕಿಮೊನೊ ಉಟ್ಟರೂ ಕಣ್ಣೆತ್ತಿ ನೋಡಿದವನಲ್ಲ. ಆದರೆ ಅಷ್ಟು ಎತ್ತರದಿಂದ, ಅಷ್ಟು ಮನೆಗಳ ನಡುವೆ, ಸಮುದ್ರ ಗುಡ್ಡ ಎಲ್ಲ ಬಿಟ್ಟು ತನ್ನನ್ನು ನೋಡಿದ್ದ. ಮಸುಯೊ ಆ ಒಂದು ನೋಟದ ಮೇಲೆ ಇಡೀ ಸಂಸಾರ ಕಟ್ಟಿಕೊಂಡಿದ್ದಳು ಅಂದರೂ ತಪ್ಪಿಲ್ಲ. ಬೇರೆ ಹೆಂಗಸರಿಗೆ ಅವರ ಗಂಡಂದಿರು ಬಾಚಣಿಗೆ ತಂದುಕೊಟ್ಟಾಗ ಅವಳಿಗೆ ಹೊಟ್ಟೆ ಉರಿಯಲಿಲ್ಲ.

ಹೊಲಿದ ಬಟ್ಟೆಗಳಲ್ಲಿ ಮೊದಲು ಮುಗಿದದ್ದೂ ಕಾಂಜೊನದೇ. ಅಳತೆ ಸರಿಯಾಗಿದೆಯೋ ನೋಡೋಣ ಅಂತ ಅದೊಂದನ್ನೇ ಎತ್ತಿಕೊಂಡು ಒಂದು ಮಧ್ಯಾಹ್ನ ಅವಳು ವಿಮಾನ ಹತ್ತಿದಳು. ಹಳೆಯ ಸೀಟು, ಸೀಮೆಎಣ್ಣೆ, ಸೋಪು ಎಲ್ಲ ಬೆರೆತ ವಾಸನೆ. ಸಾಲು ಎಣಿಸಿಕೊಂಡು ಹೋಗಿ ಏಳನೆಯದಕ್ಕೆ ಬಟ್ಟೆ ತೊಡಿಸಿದಳು. ಸುಕ್ಕು ತೀಡಿದಳು. ಹಿಂದೆ ಒರಗಿದರೆ ಬಟ್ಟೆ ಜಾರುತ್ತದೋ ಅಂತ ತಾನೇ ಕೂತು ತಲೆ ಒರಗಿಸಿ ನೋಡಿದಳು. ಜಾರಲಿಲ್ಲ. ಆಮೇಲೆ, ಗಂಡ ನೋಡಿದ ಕಿಟಕಿಯಲ್ವಾ ಅಂತ ಹೊರಗೆ ನೋಡಿದಳು.

ಕಿಟಕಿಯ ತುಂಬ ರೆಕ್ಕೆ.

ಬಾಗಿ ನೋಡಿದಳು. ರೆಕ್ಕೆ. ಕೆನ್ನೆಯನ್ನು ಗಾಜಿಗೆ ಒತ್ತಿ ಕೆಳಗೆ ನೋಡಿದಳು. ಆಗಲೂ ರೆಕ್ಕೆ, ರೆಕ್ಕೆಯ ಮೇಲೆ ಎಂಜಿನ್ನಿನ ಉದ್ದನೆಯ ಬೆನ್ನು, ಮೊನ್ನೆಯ ಸರದಿಯವರು ಸರಿಯಾಗಿ ಉಜ್ಜದೆ ಬಿಟ್ಟ ಒಂದು ಕಲೆ. ಈ ವಿಮಾನದ ರೆಕ್ಕೆ ಹೊಟ್ಟೆಯ ಅಡಿಗೆ ಬರುತ್ತದೆ. ನಡುವಿನ ಸಾಲುಗಳಲ್ಲಿ ಕೂತವರಿಗೆ ನೆಲ ಕಾಣುವುದಿಲ್ಲ. ಮನೆಯ ಮಾಡು, ಹಿತ್ತಲು, ಬಟ್ಟೆ ಬೀಸುವ ಹುಚ್ಚಿ, ಯಾವುದೂ ಕಾಣುವುದಿಲ್ಲ.

ಮಸುಯೊ ಬಹಳ ಹೊತ್ತು ಕೂತಿದ್ದಳು. ಇಲ್ಲಿಂದ ಕಾಣುವುದಿಲ್ಲ. ಆದರೆ ಅವಳು ಬಟ್ಟೆ ಬೀಸಿದ್ದು ಕಾಂಜೊಗೆ ಗೊತ್ತಿತ್ತು. ಯಾರೋ ನೋಡಿದವರು ಅವನಿಗೆ ಹೇಳಿದರೋ? ಹಾಗಾದರೆ ನೋಡಿದ ಕಣ್ಣು ಯಾರದು? ಬಟ್ಟೆಯನ್ನು ಮತ್ತೆ ಕಳಚಿ ಮಡಚಿ ಎದೆಗಿಟ್ಟುಕೊಂಡು ಇಳಿದಳು.

ಮಾರನೆಯ ದಿನ ಅವಳು ಮೇಷ್ಟ್ರ ಮನೆಗೇ ರೆಕಾರ್ಡರ್ ಎತ್ತಿಕೊಂಡು ಹೋದಳು. ಊರವರದ್ದೆಲ್ಲ ಹಿಡಿದಾಗಿತ್ತು, ಮೇಷ್ಟ್ರದ್ದೇ ಬಾಕಿ.

"ನಂದೇನ್ ಬಿಡಿ, ನಂದು ಬಹಳ ಸಪ್ಪೆ ಕತೆ," ಅಂದರು ಮೇಷ್ಟ್ರು.

"ಹತ್ತಿದ್ರಾ ಮೇಷ್ಟ್ರೇ?"

"ಹತ್ತಿದ್ದೆ."

"ಏನು ಕಾಣ್ತು?"

"ರೆಕ್ಕೆ."

ಮಸುಯೊ ಕೆಂಪು ಗುಂಡಿಯ ಕಡೆ ನೋಡಿದಳು. ಅದು ಉರಿಯುತ್ತಿತ್ತು. "ರೆಕ್ಕೆ ಬಿಟ್ಟು?"

"ರೆಕ್ಕೆ ಬಿಟ್ಟು ಏನೂ ಕಾಣ್ಲಿಲ್ಲ. ತಗಡು ಕೂಡಿಸೋ ರಿವೆಟ್ಟು ಸಾಲಾಗಿ ಕಾಣ್ತಿದ್ವು. ಅದನ್ನೇ ಎಣಿಸ್ತಾ ಕೂತಿದ್ದೆ. ಇಳಿದ ಮೇಲೆ ಎಲ್ರೂ ಸಮುದ್ರ ನೋಡಿದ್ವಿ, ಜ್ವಾಲಾಮುಖಿ ನೋಡಿದ್ವಿ ಅಂತ ಅಂತಿದ್ರೆ ನಾನು ಸುಮ್ನಿದ್ದೆ. ಅದಕ್ಕೇ ನನ್ನ ಹೆಂಡ್ತಿ ಈಗ್ಲೂ ಅಂತಾಳೆ, ನಿಮ್ಮನ್ನ ಸ್ವರ್ಗಕ್ಕೆ ಕಳಿಸಿದ್ರೂ ಬಾಗಿಲ ಕೀಲು ನೋಡ್ಕೊಂಡು ಬರ್ತೀರಿ ಅಂತ."

"ಯಾವ ಸಾಲು?" ಕೇಳುವಾಗ ಮಸುಯೊಳ ದನಿ ಎಂದಿನಷ್ಟೇ ಮೆತ್ತಗಿತ್ತು.

ಮೇಷ್ಟ್ರು ಚಹಾದ ಲೋಟವನ್ನು ಒಂದು ಸುತ್ತು ತಿರುಗಿಸಿದರು. ಇನ್ನೊಂದು ಸುತ್ತು. "ಏಳು," ಅಂದರು. "ಎಡಗಡೆ. ನೀವು ಕೇಳದೇ ಇದ್ದಿದ್ರೆ ಹೇಳ್ತಿರ್ಲಿಲ್ಲ ಮಸುಯೊ-ಸಾನ್. ಕಾಂಜೊ-ಸಾನ್ ಎಲ್ಲರ ಮುಂದೆ ಆ ಸೀಟಿನ ಕತೆ ಹೇಳುವಾಗ ನಾನೂ ಅಲ್ಲೇ ಕೂತಿರ್ತಿದ್ದೆ. ಮೊದಮೊದ್ಲು ಬೆವರು ಕಿತ್ಕೊಂಡು ಬರ್ತಿತ್ತು. ಇದು ದ್ವೀಪದವರು ಬೈಯೋ ರೀತಿ ಇರ್ಬೇಕು ಅಂದ್ಕೊಂಡಿದ್ದೆ."

"ಯಾಕೆ ಬೈಬೇಕು ನಿಮ್ಮನ್ನ?"

"ಆ ಸೀಟು ಅವರದ್ದೇ," ಅಂದರು ಮೇಷ್ಟ್ರು. "ಗೆನ್‌ಗೊ-ಸಾನ್‌ನ ಕೇಳಿ. ಅವರಿಗೆ ಗೊತ್ತು."

ಗೆನ್‌ಗೊ ಕಾಂಜೊನ ಚಡ್ಡಿ ದೋಸ್ತ. ಬಂದರಿನ ಗೋಡೆಯ ನೆರಳಲ್ಲಿ ಕೂತು ಬಲೆ ಹೆಣೆಯುತ್ತಿದ್ದ. ಅವನು ಹೇಳಿದ ನೆನಪು ಮೊದಲೇ ರೆಕಾರ್ಡರಿನಲ್ಲಿತ್ತು: ತಾನು ಕಾಂಜೊನ ಪಕ್ಕದ ಸೀಟಿನಲ್ಲಿದ್ದೆ, ಅವನು ನೋಡಿದ್ದನ್ನೆಲ್ಲ ತಾನೂ ನೋಡಿದೆ ಅಂತ. ಮಸುಯೊ ಹೋಗಿ ಎದುರಿಗೆ ಮೀನಿನ ಪೆಟ್ಟಿಗೆ ಬೋರಲು ಹಾಕಿ ಕೂತಳು.

"ಏನು ಅತ್ತಿಗೆ, ಇನ್ನೊಂದ್ಸಲ ಹೇಳ್ಬೇಕಾ? ಮೊನ್ನೆ ಹೇಳಿದ್ದು ಚೆನ್ನಾಗಿ ಬರ್ಲಿಲ್ವಾ?"

"ಚೆನ್ನಾಗಿ ಬಂದಿದೆ. ಏಳನೇ ಸಾಲಿಂದ ರೆಕ್ಕೆ ಕಾಣತ್ತೆ ಗೆನ್."

ಗೆನ್‌ಗೊ ಸೂಜಿಗೆ ದಾರ ಸುತ್ತುವುದನ್ನು ನಿಲ್ಲಿಸಲಿಲ್ಲ. "ರೆಕ್ಕೆನೂ ಕಾಣತ್ತೆ."

"ರೆಕ್ಕೆ ಮಾತ್ರ ಕಾಣತ್ತೆ. ನಾನು ಕೂತು ನೋಡಿ ಬಂದೆ. ಮೇಷ್ಟ್ರನ್ನೂ ಕೇಳಿ ಬಂದೆ."

"ಮೇಷ್ಟ್ರು ಬಾಯಿ ಬಿಟ್ರಾ?" ಗೆನ್‌ಗೊ ಈಗ ಸೂಜಿ ಕೆಳಗಿಟ್ಟ. "ನಲವತ್ತು ವರ್ಷ ಆಯ್ತು, ಇನ್ನೊಂದೆರಡು ವರ್ಷ ತಡ್ಕೊಳ್ಳೋಕಾಗ್ಲಿಲ್ವಾ ಆ ಮನುಷ್ಯಂಗೆ. ಎಲ್ಲಾ ಸತ್ತೇ ಹೋಗ್ತಿದ್ವಿ."

ಆಮೇಲೆ ಹೇಳಿದ. ಚೀಟಿ ಎತ್ತಿದಾಗ ಸೀಟು ಬಂದದ್ದು ಕಾಂಜೊಗೇ. ಗೆನ್‌ಗೊಗೆ ಬಂದದ್ದು ಆಡು ಕಾಯುವ ಕೆಲಸ. ಅವತ್ತು ರನ್‌ವೇಯ ಕೊನೆಯ ಗುಡ್ಡದಿಂದ ಒಂದು ಆಡೂ ಕೆಳಗಿಳಿಯಬಾರದು ಅಂತ ಯುವಕ ಸಂಘ ಅವನನ್ನು ನಿಲ್ಲಿಸಿತ್ತು. ಕಾಂಜೊ ಬಿಳಿ ಅಂಗಿ ಹಾಕಿ, ಗೆನ್‌ಗೊನ ಅಣ್ಣನ ಟೈ ಕಟ್ಟಿಕೊಂಡು ಹೋದ. ವಿಮಾನದ ಮೆಟ್ಟಿಲ ಹತ್ತಿರ ಸಾಲಿನಲ್ಲಿ ನಿಂತಿದ್ದಾಗ ಬೇಲಿಯಾಚೆ ಹೊಸ ಮೇಷ್ಟ್ರು, ಊರಿಗೆ ಬಂದು ತಿಂಗಳೂ ಆಗದವರು, ಕಣ್ಣರಳಿಸಿಕೊಂಡು ನಿಂತಿದ್ದರು. ಮರ್ಯಾದೆಗೆ ಒಂದು ಮಾತು ಅನ್ನಬೇಕಲ್ಲ. "ಮೇಷ್ಟ್ರೇ, ಬೇಕಾದ್ರೆ ನನ್ನ ಸೀಟಲ್ಲಿ ನೀವು ಕೂತ್ಕೊಳ್ಳಿ," ಅಂದ ಕಾಂಜೊ.

"ಅಂದ್ರೆ ಏನರ್ಥ ಅತ್ತಿಗೆ? ಅಯ್ಯೋ ಬೇಡಪ್ಪ ಅಂತ ಅವರು ಅನ್ಬೇಕು. ಇಲ್ಲ ಇಲ್ಲ ಕೂತ್ಕೊಳ್ಳಿ ಅಂತ ಇವನು ಅನ್ಬೇಕು. ಬೇಡ್ವೇ ಬೇಡ ಅಂತ ಅವರು ಕೈಮುಗೀಬೇಕು. ಆಮೇಲೆ ಇವನು ಹತ್ಬೇಕು. ಅಷ್ಟು ಗೊತ್ತಿಲ್ಲ ಆ ಒಸಾಕಾ ಹುಡುಗನಿಗೆ. 'ಹೌದಾ? ಬಹಳ ಉಪಕಾರ ಆಯ್ತು' ಅಂತಂದು ಬೇಲಿ ಹಾರಿ ಹತ್ತೇ ಬಿಟ್ರು."

ಮಸುಯೊ ಬಾಯಿಗೆ ಸೆರಗಿನಂತೆ ಟವೆಲ್ಲು ಅಡ್ಡ ಹಿಡಿದಳು.

"ನಗ್ಬೇಡ. ಅವನು ಟೈ ಕಟ್ಕೊಂಡು ಗುಡ್ಡ ಹತ್ಕೊಂಡು ಬಂದ. ಬಂದು ಆಡುಗಳ ಮಧ್ಯೆ ಕೂತ. ಟೈ ಒಂದು ಆಡು ತಿಂತು."

"ಪಂಕದ ಗಾಳಿಗೆ ಹಾರಿಹೋಯ್ತು ಅಂದಿದ್ರು ನಂಗೆ."

"ಅಣ್ಣನಿಗೂ ಹಾಗೇ ಹೇಳಿದ್ವಿ."

ಆ ಗುಡ್ಡದ ಅಡಿಯಲ್ಲೇ ಮಸುಯೊಳ ಮನೆ. ಅಲ್ಲಿಂದ ನೋಡಿದರೆ ಹಿತ್ತಲು ಅಂಗೈ ಮೇಲಿಟ್ಟ ಹಾಗೆ ಕಾಣುತ್ತದೆ. ವಿಮಾನ ಅವರ ತಲೆಯ ಮೇಲೇ ಹಾದು ಹೋಗುವಾಗ ಗೆನ್‌ಗೊ ಮೇಲೆ ನೋಡಿದನಂತೆ. ಎಲ್ಲರೂ ಮೇಲೆ ನೋಡಿದರು, ಆಡುಗಳೂ ನೋಡಿದವು.

"ಅವನೊಬ್ಬ ನೋಡ್ಲಿಲ್ಲ. ತಗ್ಗಿಸಿದ ತಲೆ ತಗ್ಗಿಸೇ ಇದ್ದ, ಕೆಳಗೆ ನೋಡ್ತಿದ್ದ. 'ನೋಡೋ ಗೆನ್, ಅವಳು ಬಟ್ಟೆ ಬೀಸ್ತಿದ್ದಾಳೆ. ನಾನು ಒಳಗಿದ್ದೀನಿ ಅಂತ ಬೀಸ್ತಿದ್ದಾಳೆ' ಅಂದ. ಮನೆಗೆ ಹೋಗಿ ಹೇಗಪ್ಪ ಹೇಳೋದು ಅಂತಂದ. ಹೇಳ್ಬೇಡ ಬಿಡು ಅಂದೆ ನಾನು. ಹೇಳಿದ್ರೆ ನಿನ್ನ ಮರ್ಯಾದೆ ಇರ್ಲಿ, ಪಾಪ ಮೇಷ್ಟ್ರ ಮರ್ಯಾದೆನೂ ಹೋಗತ್ತೆ ಅಂದೆ. ಪಕ್ಕದಲ್ಲಿ ನಾನೂ ಇದ್ದೆ ಅಂತೀನಿ ಅಂದೆ."

ಮಸುಯೊ ಮನೆಗೆ ಬಂದಳು. ಪೂರ್ವಜರ ಗೂಡಿನ ಮುಂದೆ ಕೂತು ಗಂಟೆ ಬಾರಿಸಿ, ಕಾಂಜೊನ ಪಟಕ್ಕೆ ಚಹಾ ಇಟ್ಟಳು. ದಿನಾ ಇಡುವ ಕಪ್ಪು ಬೆಲ್ಲದ ತುಂಡು ಇಡಲಿಲ್ಲ.

"ಆಡು ಕಾಯೋಕೆ ಟೈ ಕಟ್ಕೊಂಡು ಹೋಗಿದ್ರಾ?" ಅಂದಳು.

ಪಟ ತನ್ನ ಎಂದಿನ ಮುಖವನ್ನೇ ಇಟ್ಟುಕೊಂಡಿತ್ತು.

"ಎಷ್ಟು ಸಲ ಹೇಳಿದ್ರಿ ಮೋಡ ಹೀಗಿತ್ತು ಹಾಗಿತ್ತು ಅಂತ. ಊರ ತುಂಬ ಹೆಂಗಸರ ಮುಂದೆ ನಾನು ಎಷ್ಟು ಜಂಬ ಕೊಚ್ಕೊಂಡಿದ್ದೀನಿ ಗೊತ್ತಾ. ಒಂದಿನ ಹೇಳ್ಬಾರ್ದಿತ್ತಾ ನಂಗೆ. ನಾನೇನು ಮೇಷ್ಟ್ರಾ, ನನ್ನ ಮುಂದೆ ಮರ್ಯಾದೆ ಹೋಗೋಕೆ."

ಸ್ವಲ್ಪ ಹೊತ್ತು ಬಿಟ್ಟು ಬೆಲ್ಲ ಇಟ್ಟಳು. ಚಿಕ್ಕ ತುಂಡು.

ವಿಷಯ ಹೊರಗೆ ಬಂದದ್ದು ಗೊತ್ತಾಗಿ ಮೇಷ್ಟ್ರು ಅಂದೇ ಸಂಜೆ ಅವಳ ಮನೆ ಬಾಗಿಲಿಗೆ ಬಂದರು. ಕೈಯಲ್ಲಿ ಸಿಹಿಯ ಪೊಟ್ಟಣ, ಬೆನ್ನು ಅರ್ಧ ಬಾಗಿತ್ತು. ಹೊಸ್ತಿಲಾಚೆಯೇ ನಿಂತು ಒಂದೇ ಉಸಿರಿಗೆ ಹೇಳಿದರು. "ಆ ಬಟ್ಟೆ ಹಾಗೇ ಇರ್ಲಿ ಮಸುಯೊ-ಸಾನ್. ಕಾಂಜೊ-ಸಾನ್ ಹೆಸರೇ ಇರ್ಲಿ. ಚೀಟಿ ಬಂದಿದ್ದು ಅವರಿಗೆ, ಸೀಟು ಅವರದ್ದು. ನಾನು ಹತ್ತೇ ಇಲ್ಲ ಅಂತ ಬರಿತೀನಿ. ನನಗೂ ಒಂದು ಋಣ ತೀರಿದ ಹಾಗಾಗತ್ತೆ."

ಇದು ಮರ್ಯಾದೆಯ ಮಾತಾಗಿರಲಿಲ್ಲ, ಮನಸ್ಸಿನ ಮಾತು. ಮಸುಯೊ ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಕಾಂಜೊ ಸೀಟಿನಲ್ಲಿ ಕೂರುತ್ತಿದ್ದ, ಊರು ಹೌದು ಹೌದು ಅನ್ನುತ್ತಿತ್ತು, ನೋಡಲು ಬಂದವರೆಲ್ಲ ಆ ಹೆಸರು ಓದಿಕೊಂಡು ಹೋಗುತ್ತಿದ್ದರು. ಅವಳು ಒಳಗೆ ಕರೆದು ಕೂರಿಸಿ, ಚಹಾ ಕೊಟ್ಟು, ಯೋಚನೆ ಮಾಡ್ತೀನಿ ಅಂದಳು.

ಎರಡು ದಿನ ಯೋಚನೆ ಮಾಡಿದಳು. ಹೊಲಿಯುತ್ತಾ ಮಾಡಿದಳು, ಮೂಲಂಗಿ ತುರಿಯುತ್ತಾ ಮಾಡಿದಳು. ಮೂರನೆಯ ದಿನ ಕಾಂಜೊನ ಬಟ್ಟೆಯನ್ನು ಬೆಳಕಿಗೆ ಹಿಡಿದು, ಚಿಕ್ಕ ಕತ್ತರಿಯಲ್ಲಿ ಒಂದೊಂದೇ ದಾರ ಬಿಡಿಸಿ ಹೆಸರು ತೆಗೆದಳು. ಅದೇ ಬಟ್ಟೆಯ ಮೇಲೆ ಹತ್ತೋರಿ ಅಂತ ಹೊಲಿದಳು.

ಮೇಷ್ಟ್ರು ಅದನ್ನು ನೋಡಿ ಗಾಬರಿಯಾದರು. "ಯಾಕೆ?"

"ಅಲ್ಲಿ ಕೂರಿಸಿದ್ರೆ ಅವರಿಗೆ ರೆಕ್ಕೆ ಬಿಟ್ಟು ಏನೂ ಕಾಣಲ್ಲ ಮೇಷ್ಟ್ರೇ," ಅಂದಳು ಮಸುಯೊ. "ಗುಡ್ಡದ ಮೇಲಿಂದಾದ್ರೆ ನಾನು ಕಾಣ್ತೀನಿ."

ತೆರೆಯುವ ದಿನ ಬಂತು. ಹನ್ನೊಂದಕ್ಕೆ ಹಿಂದಿನ ದಿನವೇ ಎರಡು ಸಲ ಮೈ ತೊಳೆದಿದ್ದರು. ಮೆಟ್ಟಿಲ ಮುಂದೆ ಕೆಂಪು ಬಿಳಿ ಪರದೆ, ಗೆಣಸಿನ ವಡೆಯ ವಾಸನೆ, ಒಳ್ಳೆ ಬಟ್ಟೆ ಹಾಕಿಕೊಂಡು ನಿಂತ ತೊಂಬತ್ತು ಚಿಲ್ಲರೆ ಮೊದಲ ಪ್ರಯಾಣಿಕರು. ಮೇಷ್ಟ್ರು ಮೈಕು ಹಿಡಿದು, "ದಯವಿಟ್ಟು ಹತ್ತಿ ನಿಮ್ಮ ನಿಮ್ಮ ಸೀಟಿನಲ್ಲಿ—" ಅನ್ನುವಷ್ಟರಲ್ಲಿ ಎಲ್ಲರಿಗೂ ಒಟ್ಟಿಗೆ ಹೊಳೆಯಿತು, ಇಷ್ಟು ಜನಕ್ಕೆ ಒಳಗೆ ಜಾಗ ಇಲ್ಲ ಅಂತ.

ಅಕ್ಕಿ ಅಂಗಡಿಯವನು ಒಂದು ಹೆಜ್ಜೆ ಹಿಂದೆ ಸರಿದು, "ನೀವು ಹತ್ತಿ," ಅಂದ ಅಂಚೆಯವನ ಹೆಂಡತಿಗೆ.

"ಛೆ ಛೆ, ನೀವು ಮೊದ್ಲು."

"ನಾನು ಆಮೇಲೆ ಬರ್ತೀನಿ, ಅಜ್ಜಿ ಹತ್ಲಿ."

"ನಾನು ನಿಂತ್ಕೊಂಡು ಹೋದವಳು, ನಂಗ್ಯಾಕೆ ಸೀಟು," ಅಂದಳು ಫುಕು ಅಜ್ಜಿ. "ಕೂತವರು ಹತ್ತಿ."

ಕೂತವರು ಯಾರೂ ಹತ್ತಲಿಲ್ಲ. ಒಬ್ಬರ ಮುಂದೊಬ್ಬರು ಬಾಗಿ, ಕೈ ತೋರಿಸಿ, ಹಿಂದೆ ಸರಿದು, ಮೆಟ್ಟಿಲ ಹತ್ತಿರ ಇದ್ದವರೆಲ್ಲ ಬೇಲಿಯ ಹತ್ತಿರ ಬಂದರು. ಕಾಗೊಶಿಮಾದಿಂದ ಬಂದ ಪತ್ರಿಕೆಯವನು ಖಾಲಿ ವಿಮಾನದ ಪಟ ತೆಗೆದ. ಮೇಷ್ಟ್ರು ಮೈಕಿನಲ್ಲಿ ಎರಡು ಸಲ ದಯವಿಟ್ಟು ಅಂದರು, ಬಾಗುವುದು ಇನ್ನೂ ಜೋರಾಯಿತು.

ಮಸುಯೊ ಹೋಗಿ ಮೇಷ್ಟ್ರ ಕೈಯಿಂದ ಮೈಕು ತೆಗೆದುಕೊಂಡಳು. ಹುಟ್ಟಿದಾಗಿನಿಂದ ಮೈಕು ಮುಟ್ಟಿದವಳಲ್ಲ, ಅದನ್ನು ಸೌಟಿನ ಹಾಗೆ ಹಿಡಿದಿದ್ದಳು.

"ಒಂದು ವಿಷಯ ಹೇಳ್ಬೇಕು," ಅಂದಳು. "ನಮ್ಮನೆಯವರು ಈ ವಿಮಾನ ಹತ್ತಿರ್ಲಿಲ್ಲ."

ಬಾಗಿದವರು ಬಾಗಿದ ಹಾಗೇ ನಿಂತರು.

ಅವಳು ಚೀಟಿಯಿಂದ ಹಿಡಿದು ಟೈ ತಿಂದ ಆಡಿನವರೆಗೆ ಎಲ್ಲ ಹೇಳಿದಳು. ಸೀಟು ಹೋದದ್ದು ಹೇಗೆ ಅನ್ನುವಾಗ ಯಾರ ಹೆಸರೂ ಹೇಳಲಿಲ್ಲ. ಮೇಷ್ಟ್ರು ತಾವೇ ಕೈ ಎತ್ತಿ, "ನಾನೇ," ಅಂದರು, ಊರಿಡೀ ನಕ್ಕಿತು. ಒದ್ದೆ ಬಟ್ಟೆಯ ಮಾತು ಬಂದಾಗ ಅವಳ ದನಿ ಸ್ವಲ್ಪ ಕುಗ್ಗಿತು, ಆದರೂ ಹೇಳಿದಳು. "ಅವರು ಹತ್ತದೇ ಇದ್ದಿದ್ದು ಒಳ್ಳೇದೇ ಆಯ್ತು. ಈ ಸಂಘದ ಚರಿತ್ರೆಯಲ್ಲಿ ಅವರನ್ನ ಆಡುಗುಡ್ಡದಲ್ಲೇ ಬರ್ಕೊಳ್ಳಿ," ಅಂತ ಹೇಳಿ ಮೈಕು ವಾಪಸು ಕೊಟ್ಟಳು.

ಆಮೇಲೆ ಫುಕು ಅಜ್ಜಿ ಊರುಗೋಲು ಒಂದು ಸಲ ನೆಲಕ್ಕೆ ಕುಟ್ಟಿದಳು.

"ನಾನೂ ಹತ್ತಿರ್ಲಿಲ್ಲ ಬಿಡಿ. ಆ ಕಾಗೊಶಿಮಾದವರಿಗೆಲ್ಲ ಅನ್ನದ ಉಂಡೆ ಕಟ್ತಾ ಕೂತಿದ್ದೆ. ಕೈ ಬೆಂದುಹೋಗಿತ್ತು. ಪಟ್ಟಿ ಹಿಡ್ಕೊಂಡಿದ್ದು ಅದಾದ ಮೇಲೆ, ಕಾಗೊಶಿಮಾ ಬಸ್ಸಲ್ಲಿ."

ಅಲ್ಲಿಗೆ ಕಟ್ಟೆ ಒಡೆಯಿತು. ಅಕ್ಕಿ ಅಂಗಡಿಯವನು ಅವತ್ತು ಮಾವಿನ ಮರದಷ್ಟು ಎತ್ತರದ ಕಂಬ ಹತ್ತಿ ನೋಡಿದ್ದನಂತೆ, ಇಳಿಯಲು ಬಾರದೆ ಏಣಿ ತರಿಸಬೇಕಾಯಿತಂತೆ. ಅಂಚೆಯವನ ಹೆಂಡತಿ ಬ್ಯಾಂಡಿನಲ್ಲಿ ಕೊಳಲು ಊದುತ್ತಿದ್ದಳು, ಸದ್ದಿಗೆ ಹೆದರಿ ಓಡಿದ್ದಳು. ಒಬ್ಬನಿಗೆ ಜ್ವರ, ಒಬ್ಬನಿಗೆ ಹೆಂಡತಿಯ ಹೆರಿಗೆ. ಮಸುಯೊ ಮರದಡಿ ಕೂತು ಕೆಂಪು ಗುಂಡಿ ಒತ್ತಿದಳು, ಜನ ಅವಳ ಮುಂದೆ ಸಾಲು ನಿಂತರು. ಸೀಟಿನಲ್ಲಿ ಕೊನೆಗೆ ಕೂತವರು ಮೇಷ್ಟ್ರನ್ನೂ ಸೇರಿಸಿ ಇಪ್ಪತ್ತು ಇಪ್ಪತ್ತೈದು ಜನ, ಅವರ ನೆನಪೆಲ್ಲ ಸಪ್ಪೆ. ಬೇಲಿಯಾಚೆಯವರ ನೆನಪೇ ಸೊಗಸು. ಸಂಜೆಯ ಹೊತ್ತಿಗೆ ಮೇಷ್ಟ್ರು ಚರಿತ್ರೆಯನ್ನು ಎರಡು ಗೋಡೆಗೆ ಹಂಚಬೇಕು ಅನ್ನತೊಡಗಿದ್ದರು, ಒಂದು ಒಳಗಿನವರದು, ಒಂದು ಹೊರಗಿನವರದು.

ಆದರೆ ಇವರು ಇವರೇ ತಾನೆ. ಗೆಣಸಿನ ವಡೆ ಖಾಲಿಯಾಗಿ ಶೋಚು ಶುರುವಾದಾಗ ಗಾಳಿ ಬೇರೆ ಕಡೆಗೆ ತಿರುಗಿತು. ಮೀನು ಮಂಡಿಯ ಶಿರಾತಾನಿ ಲೋಟ ಹಿಡಿದುಕೊಂಡು ಬಂದು ಮಸುಯೊಳ ಎದುರಿಗೆ ಕೂತು, ಗಂಟಲು ಸರಿಮಾಡಿಕೊಂಡ.

"ಅವತ್ತು ಆಡುಗುಡ್ಡದ ಮೇಲೆ ನಾನೂ ಇದ್ದೆ," ಅಂದ. "ಕಾಂಜೊ ಪಕ್ಕದಲ್ಲೇ."

ಅವನ ಹಿಂದೆ ನಿಂತಿದ್ದವನು ತಲೆಯಾಡಿಸಿದ. "ನಾನೂ ಇದ್ದೆ. ಟೈ ತಿಂದಿದ್ದು ನಮ್ಮನೆ ಆಡು."

"ಹೌದು ಹೌದು, ನಾನೂ ನೋಡಿದ್ದೆ," ಅಂದರು ಇನ್ನಿಬ್ಬರು.

ಗೆನ್‌ಗೊ ದೂರದಿಂದ ಕೇಳಿಸಿಕೊಂಡು ಹಣೆ ಚಚ್ಚಿಕೊಂಡ. ಶಿರಾತಾನಿ ಊರಿಗೇ ಹಿರಿಯ, ಎಲ್ಲರೂ ಎದ್ದು ನಿಂತು ಮಾತಾಡಿಸುವ ಮನುಷ್ಯ. ಮಸುಯೊ ಅವನಿಗೆ ಚಹಾ ಬಗ್ಗಿಸಿದಳು, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಆಮೇಲೆ ಕೆಂಪು ಗುಂಡಿಯ ಮೇಲಿಂದ ಬೆರಳು ತೆಗೆದಳು.

"ನೀವು ಅಲ್ಲಿರ್ಲಿಲ್ಲ," ಅಂದಳು.

ಶಿರಾತಾನಿ ಕಣ್ಣು ಪಿಳಿಪಿಳಿ ಮಾಡಿದ. ಇಂಥ ಮಾತನ್ನು ಅವನ ಮುಂದೆ ಯಾರಾದರೂ ಆಡಿ ಅದೆಷ್ಟು ಕಾಲವಾಗಿತ್ತೋ. "ಇರ್ಲಿಲ್ವಾ?"

"ಇರ್ಲಿಲ್ಲ ಶಿರಾತಾನಿ-ಸಾನ್. ಬೇರೆ ಎಲ್ಲಿದ್ರಿ ಅಂತ ಹೇಳಿ, ಬರ್ಕೊಳ್ತೀನಿ."

ಅವನು ಲೋಟವನ್ನು ಪಕ್ಕಕ್ಕಿಟ್ಟ. "ಮಲಗಿದ್ದೆ," ಅಂದ ಕೊನೆಗೆ. "ರಾತ್ರಿಯಿಡೀ ದೋಣಿಯಲ್ಲಿದ್ದು ಬಂದಿದ್ದೆ. ಎಬ್ಬಿಸು ಅಂತ ಹೇಳಿದ್ದೆ, ಹೆಂಡ್ತಿ ಎಬ್ಬಿಸ್ಲಿಲ್ಲ."

"ಅಷ್ಟು ಸದ್ದಿಗೂ ಎಚ್ಚರ ಆಗ್ಲಿಲ್ವಾ?" ಮಸುಯೊ ಗುಂಡಿ ಒತ್ತಿ, ರೆಕಾರ್ಡರನ್ನು ಅವನ ಕಡೆ ಸ್ವಲ್ಪ ಸರಿಸಿದಳು.

"ಆಯ್ತು. ಗುಡುಗು ಅಂದ್ಕೊಂಡು ಎದ್ದು ಒಣಹಾಕಿದ ಮೀನು ಎತ್ತಿ ಒಳಗಿಟ್ಟು, ಮತ್ತೆ ಮಲಗಿದೆ," ಅಂದ ಶಿರಾತಾನಿ.